ಬಿಸಿಲಿಗಿಟ್ಟ ಮುಖ

"ಹೋದ ಸಲದ ಥರಾನೇ ಬೆಳ್ಳಗೆ ಮಾಡ್ಕೊಡ್ಬೇಕು ಸಾಯಿಬ್ರೇ. ಒಂದಿಷ್ಟು ಜಾಸ್ತಿ ಆದ್ರೂ ಪರವಾಗಿಲ್ಲ."

ಪರದೆಯಾಚೆಯಿಂದ ಆ ದನಿ ಕೇಳಿದ್ದೇ ಹಜೀರಾಳ ಕೈಯಲ್ಲಿದ್ದ ಪೆನ್ಸಿಲಿನ ಮೊನೆ ಟಕ್ಕನೆ ಮುರಿಯಿತು. ಬೈರಕೂರಿನ ವೆಂಕಟರಾಯಪ್ಪನ ದನಿ. ಮುಖ ನೋಡಿರದಿದ್ದರೂ ಗಿರಾಕಿಗಳ ದನಿಗಳನ್ನು ಅವಳು ಮರೆಯುತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಪರದೆಯ ಹಿಂದೆ ಕೂತವಳಿಗೆ ಲೋಕವೆಂದರೆ ಅರ್ಧ ದನಿ, ಇನ್ನರ್ಧ ಗಾಜು.

"ಆಗ್ಲಿ ಗೌಡ್ರೇ, ನಿಮ್ಮ ಮಗಳನ್ನ ಬೆಣ್ಣೆ ಥರ ಮಾಡ್ತೀನಿ," ಎಂದ ಅಣ್ಣ ಏಜಾಜ್. "ಆದ್ರೆ ಒಂದ್ ಮಾತು. ಈ ಅಳತೆ ಪ್ಲೇಟು ಇರೋದು ಒಂದೇ. ಲಡಾಯಿ ಶುರುವಾದಾಗಿನಿಂದ ಬೆಂಗಳೂರಿಂದ ಪಾರ್ಸೆಲ್ಲು ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಹುಡುಗಿ ಅಲ್ಲಾಡಿದ್ಳು, ಕಣ್ಣು ಮುಚ್ಚಿದ್ಳು ಅಂದ್ರೆ ಇನ್ನೊಂದು ತೆಗೆಯೋಕಾಗಲ್ಲ."

"ಅವಳು ಅಲ್ಲಾಡಲ್ಲ. ಬುಧವಾರ ರೋಣೂರಿನ ಗಂಡಿನ ಮನೆಗೆ ಮನುಷ್ಯ ಹೊರಡ್ತಾನೆ. ಅಷ್ಟರಲ್ಲಿ ಫೋಟೋ ಕೈಗೆ ಬಂದ್ರೆ ಸಾಕು."

ಹಜೀರಾ ಪೆನ್ಸಿಲನ್ನು ಮರಳುಕಾಗದದ ಮೇಲೆ ಉಜ್ಜುತ್ತ ಕೂತಳು. ಮೊನೆ ಸೂಜಿಯಷ್ಟು ಚೂಪಾಗಬೇಕು. ಅಬ್ಬಾಜಾನ್ ಕಲಿಸಿಕೊಟ್ಟ ಕೆಲಸ ಇದು. ಇಳಿಜಾರಾದ ಮರದ ಡೆಸ್ಕಿನ ನಡುವೆ ಚೌಕಾಕಾರದ ಕಿಂಡಿ, ಕೆಳಗೊಂದು ಕನ್ನಡಿ. ಕಿಟಕಿಯಿಂದ ಬಂದ ಬೆಳಕು ಕನ್ನಡಿಗೆ ಬಿದ್ದು, ಕಿಂಡಿಯ ಮೇಲಿಟ್ಟ ಗಾಜಿನ ಪ್ಲೇಟನ್ನು ಕೆಳಗಿನಿಂದ ಬೆಳಗುತ್ತದೆ. ಪ್ಲೇಟಿನಲ್ಲಿ ಲೋಕವೆಲ್ಲ ತಿರುವುಮುರುವು. ಬಿಳಿ ಪಂಚೆ ಕಪ್ಪಗೆ ಕಾಣುತ್ತದೆ, ಕಪ್ಪು ಮುಖ ತಿಳಿನೀರಿನಂತೆ ಹೊಳೆಯುತ್ತದೆ. ಆ ತಿಳಿಯ ಮೇಲೆ ಅಂಟಿನ ಎಣ್ಣೆ ಸವರಿ, ಪೆನ್ಸಿಲಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ತುಂಬುತ್ತ ಹೋದರೆ, ಕಾಗದಕ್ಕಿಳಿದಾಗ ಅಷ್ಟೂ ಜಾಗ ಬೆಳ್ಳಗಾಗುತ್ತದೆ. ಮುಳಬಾಗಿಲಿನ ಸುತ್ತಮುತ್ತ ಗೋಡೆಗೆ ತೂಗುಹಾಕಿದ ಮುಖಗಳಲ್ಲಿ ಮುಕ್ಕಾಲುಪಾಲು ಅವಳ ಪೆನ್ಸಿಲಿನಡಿ ಹಾದುಬಂದವೇ. ಇದು ಯಾರಿಗೂ ತಿಳಿದಿರಲಿಲ್ಲ. ಏಜಾಜನ ಕೈಗುಣ ಎಂದೇ ಎಲ್ಲರೂ ಹೊಗಳುತ್ತಿದ್ದರು.

ಪರದೆ ಸರಿಯಿತು. ಗೋಡೆಗನ್ನಡಿ ಒಳಮನೆಯಲ್ಲೇ ಇದ್ದುದರಿಂದ ಹೆಣ್ಣುಮಕ್ಕಳು ತಲೆ ತಿದ್ದಿಕೊಳ್ಳಲು, ಪೌಡರು ಹಾಕಿಕೊಳ್ಳಲು ಇಲ್ಲಿಗೇ ಬರುತ್ತಿದ್ದರು. ಬಂದವಳಿಗೆ ಇಪ್ಪತ್ತರ ಆಸುಪಾಸು. ಹಸಿರು ಸೀರೆ, ಕೈಯಲ್ಲಿ ಪೌಡರಿನ ಡಬ್ಬಿ. ಹೊಲದ ಕರಿಮಣ್ಣು ಮಳೆ ಬಿದ್ದ ಮರುದಿನ ಇರುತ್ತದಲ್ಲ, ಅಂಥ ಬಣ್ಣ. ಹೋದ ಸಲ ಮನೆಯಲ್ಲೇ ಸಿಂಗರಿಸಿಕೊಂಡು ಬಂದಿದ್ದಳೋ ಏನೋ, ಹಜೀರಾ ಅವಳನ್ನು ಕಂಡದ್ದು ಇದೇ ಮೊದಲು. ಆದರೂ ಆ ಹುಬ್ಬು, ಎಡಗೆನ್ನೆಯ ಮಚ್ಚೆ ಎಲ್ಲ ಗುರುತು ಸಿಕ್ಕಿತು. ಆ ಮಚ್ಚೆಯನ್ನು ಅಳಿಸಿದವಳೂ ತಾನೇ.

"ನೀವೇನಾ ಅಕ್ಕ, ಫೋಟೋ ಬೆಳ್ಳಗೆ ಮಾಡೋರು?" ಹುಡುಗಿಯ ಕಣ್ಣು ಆಗಲೇ ಡೆಸ್ಕಿನ ಮೇಲಿತ್ತು.

ಹಜೀರಾಳಿಗೆ ಹೊಸಬರೊಡನೆ ಮಾತು ಬಾಯಿಗೆ ಬರುತ್ತಿರಲಿಲ್ಲ. ತಲೆಯಾಡಿಸಿದಳು.

"ನಾನು ಆದಿಲಕ್ಷ್ಮಿ. ಹೋದ ವರ್ಷ ನನ್ನ ಫೋಟೋ ಮಾಡಿದ್ರಲ್ಲ, ಅದು ಗೌನಿಪಲ್ಲಿಗೆ ಹೋಯ್ತು. ನೋಡಿ ಒಪ್ಪಿ, ಗಾಡಿ ಕಟ್ಕೊಂಡು ಹನ್ನೊಂದು ಜನ ಬಂದ್ರು. ಉಪ್ಪಿಟ್ಟು ತಿಂದ್ರು, ಕಾಫಿ ಕುಡಿದ್ರು. ನಾನು ಹೋಗಿ ಚಾಪೆ ಮೇಲೆ ಕೂತ್ಕೊಂಡೆ. ಗಂಡಿನ ತಾಯಿ ನಮ್ಮಪ್ಪನ ಕಡೆ ತಿರುಗಿ ಏನಂದ್ಲು ಗೊತ್ತಾ? 'ಈ ಪಿಲ್ಲ ಕಾದಯ್ಯಾ, ಫೋಟೋಲೋ ಉಂಡೇ ಪಿಲ್ಲನಿ ಪಿಲುವು.' ಈ ಹುಡುಗಿ ಅಲ್ಲಪ್ಪಾ, ಫೋಟೋದಲ್ಲಿರೋ ಹುಡುಗಿನ ಕರಿ ಅಂತ." ಆದಿಲಕ್ಷ್ಮಿ ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. "ನಾನೇ ಅವಳು ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ. ನನ್ನ ತಂಗಿ ಫೋಟೋ ಕಳ್ಸಿ ನನ್ನ ತಳ್ಳೋಕೆ ನೋಡ್ತಿದಾರೆ ಅಂತ ರಚ್ಚೆ ಮಾಡಿದ್ರು. ನಂಗೆ ತಂಗೀನೇ ಇಲ್ಲ ಅಕ್ಕ. ಊರೆಲ್ಲ ಬಾಗಿಲಿಗೆ ಬಂದು ನಿಂತಿತ್ತು."

ಹಜೀರಾ ಎದ್ದು, ಗೋಡೆಯ ಮರದ ಪೆಟ್ಟಿಗೆಯಿಂದ ಹೋದ ವರ್ಷದ ಅವಳ ಪ್ಲೇಟನ್ನು ತೆಗೆದು ಡೆಸ್ಕಿನ ಮೇಲಿಟ್ಟಳು. ಯಾಕೆ ತೆಗೆದಳೋ ಅವಳಿಗೂ ಗೊತ್ತಿರಲಿಲ್ಲ. ಹುಡುಗಿ ಬಗ್ಗಿ ನೋಡಿದಳು. ತಿಳಿಯಾದ ಕತ್ತು, ತಿಳಿಯಾದ ಕೈ. ಮುಖ ಮಾತ್ರ ಮಬ್ಬುಮಬ್ಬು, ಹೊಗೆ ಹಿಡಿದ ಲಾಂದ್ರದ ಬುರುಡೆಯಂತೆ.

"ಮುಖದ ಮೇಲೆ ಇದೇನು?"

"ಪೆನ್ಸಿಲು," ಎಂದಳು ಹಜೀರಾ ಮೆಲ್ಲಗೆ. "ಇಲ್ಲಿ ಕಪ್ಪು ಹಾಕಿದರೆ ಕಾಗದದಲ್ಲಿ ಬೆಳ್ಳಗೆ ಬರ್ತದೆ."

"ಓ." ಆದಿಲಕ್ಷ್ಮಿ ಪ್ಲೇಟಿನಿಂದ ಕಣ್ಣು ಕೀಳಲಿಲ್ಲ. "ಹಂಗಾದ್ರೆ ನನ್ನ ಮುಖಕ್ಕೆ ಮಸಿ ಬಳ್ದಿದ್ದು ನೀವೇ."

ಬೈದಂತಿರಲಿಲ್ಲ ಮಾತು. ಕಂಡದ್ದನ್ನು ಹೇಳಿದಂತಿತ್ತು. ಹಜೀರಾಳಿಗೆ ಶ್ರೀನಿವಾಸಪುರದಿಂದ ತನ್ನನ್ನು ನೋಡಲು ಬಂದಿದ್ದ ಹೆಂಗಸರು ನೆನಪಾದರು. ಬುರ್ಖಾದಿಂದ ಹೊರಗಿದ್ದ ಮುಂಗೈಯನ್ನಷ್ಟೇ ನೋಡಿ, ಒಬ್ಬರಿಗೊಬ್ಬರು ಕಣ್ಣು ಮಾಡಿ, ಶರಬತ್ತು ಮುಟ್ಟದೆ ಎದ್ದು ಹೋಗಿದ್ದರು. ಅವಳಿಗೀಗ ಮೂವತ್ತೆರಡು.

ಅಷ್ಟರಲ್ಲಿ ಮಸೀದಿಯ ಕಡೆಯಿಂದ ಜುಮ್ಮಾ ನಮಾಜಿನ ಕರೆ ಕೇಳಿಸಿತು. ಏಜಾಜ್ ಹೊರಗಿನಿಂದಲೇ ಕೂಗಿದ: "ಹಜೀರಾ, ಪ್ಲೇಟು ಹೋಲ್ಡರಿಗೆ ಹಾಕಿಟ್ಟಿರು. ನಾನು ನಮಾಜು ಮುಗಿಸ್ಕೊಂಡು ಬಂದು ತೆಗೀತೀನಿ." ವೆಂಕಟರಾಯಪ್ಪನೂ ಎದ್ದ. ಎತ್ತಿಗೆ ಲಾಳ ಕಟ್ಟಿಸಬೇಕಿತ್ತಂತೆ. "ಅಮ್ಮಣ್ಣಿ, ಪೌಡರು ಚೆನ್ನಾಗಿ ಹಾಕ್ಕೊಂಡಿರು. ಕತ್ತಿಗೂ ಹಾಕು, ಮರೀಬೇಡ," ಎಂದು ಹೇಳಿ ಹೊರಟ. ಮುಂಬಾಗಿಲು ಮುಚ್ಚಿದ ಸದ್ದಾಯಿತು.

ಹಜೀರಾ ಗೂಡಿನಿಂದ ಒಂದು ಕಾಗದ ತೆಗೆದಳು. ಚಿನ್ನದ ಗಣಿಯ ದೊರೆಯೊಬ್ಬ ಸೀಮೆಗೆ ಹೊರಟಾಗ ಮಾರಿದ್ದ ಇಂಗ್ಲಿಷ್ ಪತ್ರಿಕೆಗಳ ರಾಶಿ ಫೋಟೋ ಸುತ್ತಲೆಂದು ರದ್ದಿಗೆ ಬಂದಿತ್ತು. ಅದರೊಳಗೆ ಸಿಕ್ಕಿದ್ದು. ಆರು ತಿಂಗಳಿಂದ ಅವಳು ಅದನ್ನು ಯಾರಿಗೂ ತೋರಿಸಿರಲಿಲ್ಲ. ಏಜಾಜ್ ಮಾತ್ರ ಒಮ್ಮೆ ನೋಡಿ ನಕ್ಕಿದ್ದ: "ಯಾವನೋ ಇದನ್ನ ಟಚಿಂಗ್ ಮಾಡದೇ ಬಿಟ್ಟಿದ್ದಾನೆ. ಪಾಪ, ಅವರ ಅಂಗಡಿ ಹಜೀರಾಗೆ ಆವತ್ತು ಜ್ವರ ಬಂದಿರ್ಬೇಕು."

"ನೋಡು," ಎಂದಳು ಹಜೀರಾ.

ಹಾಳೆಯ ಒಂದು ಬದಿಯಲ್ಲಿ ಯಾವನೋ ಚಿತ್ರಗಾರ ಬಣ್ಣದಲ್ಲಿ ಬರೆದ, ದೊಡ್ಡ ಮನೆಯ ಬಿಳಿಯ ಹೆಂಗಸೊಬ್ಬಳ ಚಿತ್ರ. ಅವಳ ಭುಜದ ಹಿಂದೆ, ಚೌಕಟ್ಟಿನ ಅಂಚಿಗೆ ಒತ್ತಿದಂತೆ, ಹಣ್ಣಿನ ತಟ್ಟೆ ಹಿಡಿದ ಕಪ್ಪು ಹೆಂಗಸು. ಅರ್ಧ ಮುಖ ನೆರಳಲ್ಲಿ ಕರಗಿಹೋಗಿತ್ತು.

"ಇವಳನ್ನ ಯಾಕೆ ಇಟ್ಟಿದ್ದಾನೆ ಗೊತ್ತಾ? ಆ ದೊರೆಸಾನಿ ಇನ್ನೂ ಬೆಳ್ಳಗೆ ಕಾಣಲಿ ಅಂತ. ಅಬ್ಬಾಜಾನ್ ಕೂಡ ಹಿಂದುಗಡೆ ಕರೀಬಟ್ಟೆ ಕಟ್ತಿದ್ದರು. ಇವಳು ಆ ಕರೀಬಟ್ಟೆ." ಹಜೀರಾ ಇಷ್ಟು ಉದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ. ಹಾಳೆ ತಿರುವಿದಳು. "ಈಗ ಇದು ನೋಡು."

ಈ ಬದಿಯಲ್ಲಿ ಇನ್ನೊಬ್ಬ ಕಪ್ಪು ಹೆಂಗಸು. ಒಬ್ಬಳೇ. ಹಿಂದೆ ಬರಿಯ ಮಣ್ಣುಬಣ್ಣದ ಗೋಡೆ. ಸಾಸಿವೆಬಣ್ಣದ ಉಡುಪು, ತಲೆಗೆ ಬಿಳಿ ವಸ್ತ್ರ, ಕೊರಳಲ್ಲಿ ಹವಳದ ಸರ. ಕೈಯುಳ್ಳ ಕುರ್ಚಿಯಲ್ಲಿ ಒರಗಿ ಕೂತು ನೋಡುವವರನ್ನೇ ನೇರವಾಗಿ ನೋಡುತ್ತಿದ್ದಳು. ಬೇಡುವ ನೋಟವಲ್ಲ, ನಾಚುವ ನೋಟವೂ ಅಲ್ಲ. ಏನು ಬಂದಿರಿ, ಹೇಳಿ, ಎನ್ನುವಂಥ ನೋಟ.

"ಭೂತಗನ್ನಡಿ ಇಟ್ಟು ನೋಡಿದ್ದೀನಿ," ಎಂದಳು ಹಜೀರಾ. "ಎಲ್ಲೂ ಬಿಳುಪು ಮಾಡಿಲ್ಲ. ಆದರೂ ಮುಖ ಕತ್ತಲೆ ಅಲ್ಲ. ಕೆನ್ನೆ ಮೇಲೆ ಕೆಂಪಿದೆ. ಹಣೆ ಪಕ್ಕದಲ್ಲಿ, ಇಲ್ಲಿ, ನೇರಳೆ ಇದೆ. ಮೂಗಿನ ತುದೀಲಿ ಎಳ್ಳಿನಷ್ಟು ಬೆಳಕು. ಅವನು ಬೆಳಕನ್ನ ಒಂದು ಕಡೆಯಿಂದ ಬಿಟ್ಟು, ಸುಮ್ಮನೆ ಕೂತು, ಕಂಡಷ್ಟೂ ಬರೆದಿದ್ದಾನೆ. ಅಷ್ಟೇ ಮಾಡಿದ್ದು."

ಆದಿಲಕ್ಷ್ಮಿ ಮಿಡ್ಲ್ ಸ್ಕೂಲಿನವರೆಗೆ ಓದಿದ್ದಳು. ಚಿತ್ರದ ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸಿದಳು. "ನೀಗ್ರೋ ಹೆಂಗಸು. ಸಾವಿರದ ಎಂಟುನೂರ ಐವತ್ತ... ಮೂರು. ಆಮೇಲೆ ಬರ್ದೋನ ಹೆಸರಿದೆ. ಉದ್ದ ಹೆಸರು, ಓದೋಕೆ ಬರ್ತಿಲ್ಲ."

"ಅವಳ ಹೆಸರು?"

"ಇಲ್ಲ ಅಕ್ಕ. ಹೆಂಗಸು ಅಂತ ಅಷ್ಟೇ." ಮತ್ತೊಮ್ಮೆ ಹುಡುಕಿದಳು. "ಯಾವ ಪುಣ್ಯಾತ್ಗಿತ್ತಿನೋ. ತೊಂಬತ್ತು ವರ್ಷದಿಂದ ಹಿಂಗೇ ನೋಡ್ತಾ ಕೂತವಳೆ, ಒಬ್ಬನೂ ಹೆಸರು ಕೇಳಿಲ್ಲ."

ಹೊರಗೆ ಲಾಳ ಬಡಿಯುವ ಸದ್ದು ಕೇಳಿಸುತ್ತಿತ್ತು.

"ನನ್ನ ಹಿಂಗೇ ತೆಗೀಬಹುದಾ ಅಕ್ಕ?" ಎಂದಳು ಆದಿಲಕ್ಷ್ಮಿ.

ಅಣ್ಣನಿಗೆ ಹೇಳ್ತೀನಿ ಎಂದು ಹಜೀರಾಳ ಬಾಯಿಗೆ ಬಂದಿತ್ತು. ಅಣ್ಣ ಏನೆನ್ನುತ್ತಾನೆಂದು ಗೊತ್ತಿತ್ತು. ನಗುತ್ತಾನೆ, ಪೌಡರು ಬಳಿಸುತ್ತಾನೆ, ಎರಡು ಎಣಿಸಿ ಮುಚ್ಚಳ ಹಾಕುತ್ತಾನೆ. ಕರಿಯರಿಗೂ ಬಿಳಿಯರಿಗೂ ಅವನದು ಎರಡೇ ಎಣಿಕೆ. ಉಳಿದದ್ದಕ್ಕೆ ಪೆನ್ಸಿಲಿದೆಯಲ್ಲ.

ಅವಳು ಒದ್ದೆ ಬಟ್ಟೆಯೊಂದನ್ನು ಹಿಂಡಿ ಹುಡುಗಿಯ ಕೈಗೆ ಕೊಟ್ಟಳು. "ಎಣ್ಣೆ ಪಸೆಯನ್ನಷ್ಟೇ ಒರೆಸ್ಕೋ. ಪೌಡರು ಬೇಡ."

ಕತ್ತಲೆಕೋಣೆಗೆ ಹೋಗಿ ಇದ್ದೊಂದು ಪ್ಲೇಟನ್ನು ಹೋಲ್ಡರಿಗೆ ತುಂಬಿ ಹೊರಬಂದಳು. ಪರದೆ ಸರಿಸಿ ಮುಂದಿನ ಕೋಣೆಗೆ ಕಾಲಿಟ್ಟಳು. ಗಿರಾಕಿ ಇರುವಾಗ ಅವಳು ಆ ಹೊಸ್ತಿಲು ದಾಟಿದವಳೇ ಅಲ್ಲ. ಮೆಟ್ಟಿಲು, ಕೊಳ, ಹಂಸವಿದ್ದ ಸೀನರಿ ಪರದೆಯನ್ನು ಸುತ್ತಿ ಮೇಲೆ ಕಟ್ಟಿದಳು. ಹಿಂದೆ ಸುಣ್ಣ ಕಾಣದ ಮಣ್ಣಿನ ಗೋಡೆ ಬಯಲಾಯಿತು. ಎಡಗಡೆಯ ಕಿಟಕಿಯ ಬಟ್ಟೆಯನ್ನು ಪೂರಾ ಎಳೆದಳು. ಅಮಲ್ದಾರರು, ಪಟೇಲರು, ಮದುಮಕ್ಕಳಲ್ಲಿ ಗಂಡು, ಇಂಥವರಷ್ಟೇ ಕೂರುತ್ತಿದ್ದ ಕೈಕುರ್ಚಿಯನ್ನು ನಡುವಿಗೆ ತಂದಿಟ್ಟಳು.

"ಅದು ಗಂಡಸರ ಕುರ್ಚಿ ಅಲ್ವ? ನಾನು ಪಕ್ಕದಲ್ಲಿ ನಿಂತ್ಕೋಬೇಕಲ್ವ?"

"ಪಕ್ಕದಲ್ಲಿ ಯಾರಿದ್ದಾರೆ ನಿಂತ್ಕೊಳ್ಳೋಕೆ? ಕೂತ್ಕೋ."

ಆದಿಲಕ್ಷ್ಮಿ ಮೊದಲು ಅಂಚಿನಲ್ಲಿ ಕೂತಳು. ಆಮೇಲೆ ಒರಗಿದಳು. ಕುರ್ಚಿಯ ಕೈಮೇಲೆ ಮೊಣಕೈ ಊರಿದಳು.

"ತಲೆ ತಗ್ಗಿಸಬೇಡ. ಗೌನಿಪಲ್ಲಿಯವಳು ಇಲ್ಲೇ ಈ ಗಾಜಿನೊಳಗೆ ಕೂತಿದ್ದಾಳೆ ಅಂದ್ಕೋ. ಅವಳನ್ನೇ ನೋಡು."

ಹಜೀರಾ ಕ್ಯಾಮರಾದ ಕರೀಬಟ್ಟೆಯೊಳಗೆ ತಲೆ ತೂರಿಸಿದಳು. ಉಜ್ಜುಗಾಜಿನ ಮೇಲೆ ಆ ಮುಖ ತಲೆಕೆಳಗಾಗಿ ಮೂಡಿತು. ಎಡಗೆನ್ನೆಯ ಮೇಲೆ ಬೆಳಕು ಮಲಗಿತ್ತು. ಮಚ್ಚೆಯಿತ್ತು. ಹೊರಬಂದು, ಹೋಲ್ಡರು ಸಿಕ್ಕಿಸಿ, ಲೆನ್ಸಿನ ಮುಚ್ಚಳ ತೆಗೆದಳು. ಏಕ್. ದೋ. ಅಣ್ಣನ ಎಣಿಕೆ ಇಲ್ಲಿಗೆ ಮುಗಿಯುತ್ತಿತ್ತು. ತೀನ್. ಕಪ್ಪಿಗೆ ಹೊತ್ತು ಕೊಡಬೇಕು. ಚಾರ್. ಹುಡುಗಿಯ ಕಣ್ಣು ಮಿಟುಕಲಿಲ್ಲ. ಪಾಂಚ್. ಮುಚ್ಚಳ ಹಾಕಿದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ನಮಾಜು ಮುಗಿಸಿ ಬಂದ ಏಜಾಜ್ ಮೊದಲು ನೋಡಿದ್ದು ಕುರ್ಚಿಯನ್ನು. ಆಮೇಲೆ ಸುತ್ತಿ ಕಟ್ಟಿದ ಪರದೆಯನ್ನು. ಒಳಗೆ ತೊಟ್ಟಿಯಲ್ಲಿ ತೊಳೆಯುತ್ತಿದ್ದ ಪ್ಲೇಟನ್ನು ಕಂಡಾಗ ಅವನ ಟೋಪಿ ಕೈಗೆ ಬಂತು.

"ಹುಚ್ಚು ಹಿಡೀತೇನೇ ನಿನಗೆ? ಇದ್ದಿದ್ದು ಒಂದು! ಗಂಡಸ್ರಿಲ್ಲದಾಗ ಕ್ಯಾಮರಾ ಮುಟ್ಟಿದ್ದೀಯ, ಆಚೆ ಬಂದಿದ್ದೀಯ! ಯಾರಾದ್ರೂ ನೋಡಿದ್ರೆ?"

"ಯಾರೂ ನೋಡಿಲ್ಲ ಭಾಯ್."

"ನಾನು ನೋಡ್ದೆ," ಎಂದಳು ಆದಿಲಕ್ಷ್ಮಿ. "ನಿಮಗಿಂತ ಚೆನ್ನಾಗಿ ತೆಗೆದ್ರು."

ಅಷ್ಟರಲ್ಲಿ ವೆಂಕಟರಾಯಪ್ಪನೂ ಬಂದ. ಮಗಳ ಮುಖದಲ್ಲಿ ಪೌಡರಿಲ್ಲದ್ದು ಕಂಡು, ವಿಷಯ ತಿಳಿದು, ಬಾಗಿಲಲ್ಲೇ ಕುಸಿದು ಕೂತ. "ಅಯ್ಯೋ ನನ್ನ ತಾಯಿ. ಇದು ನಾಲ್ಕನೇ ಸಂಬಂಧ ಕಣಮ್ಮ. ಹಿಂಗೇ ಕಳ್ಸಿದ್ರೆ ಅವರು ಗಾಡಿನೂ ಕಟ್ಟಲ್ಲ."

"ಕಟ್ಟೋದು ಬೇಡ," ಎಂದಳು ಮಗಳು. ಅಪ್ಪನೆದುರು ದನಿಯೇರಿಸಿದವಳಲ್ಲ, ಈಗಲೂ ಏರಿಸಲಿಲ್ಲ. "ಬೇಡ ಅನ್ನೋರು ಅಲ್ಲಿಂದಲೇ ಬೇಡ ಅನ್ನಲಿ ಅಪ್ಪ. ನಮ್ಮನೆ ಅಂಗಳಕ್ಕೆ ಬಂದು, ನಮ್ಮಮ್ಮ ಮಾಡಿದ ಉಪ್ಪಿಟ್ಟು ತಿಂದು, ಊರು ಸೇರಿಸಿ ಬೇಡ ಅನ್ನೋದು ಬೇಡ. ಬಂದ್ರೆ ನನ್ನ ನೋಡಿದೋರು ಬರಲಿ. ಈ ಫೋಟೋನೇ ಹೋಗ್ಬೇಕು. ಒಂದು ಗೆರೆನೂ ಎಳೀಬಾರದು."

ವೆಂಕಟರಾಯಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡ. "ಸರೆ, ನಿನ್ನಿಷ್ಟ," ಎಂದು ಎದ್ದ. "ಮಂಗಳವಾರ ಬರ್ತೀವಿ ಸಾಯಿಬ್ರೇ."

ಹೊರಡುವಾಗ ಆದಿಲಕ್ಷ್ಮಿ ಪರದೆಯೊಳಗೆ ಇಣುಕಿ ಹಜೀರಾಳ ಕೈ ಹಿಡಿದಳು. ಎರಡು ಕೈಗಳೂ ಒಂದೇ ಬಣ್ಣದವು. "ಒಂದು ಗೆರೆನೂ ಅಲ್ಲ ಅಕ್ಕ," ಎಂದಳು.

ಭಾನುವಾರ ಬೆಳಿಗ್ಗೆ ಏಜಾಜ್ ಡೆಸ್ಕಿನ ಬಳಿ ಬಂದು ನಿಂತ. ಸಿಟ್ಟು ಇಳಿದಿತ್ತು. ಪ್ಲೇಟು ಒಣಗಿ ಬೆಳಕಿನ ಕಿಂಡಿಯ ಮೇಲಿತ್ತು.

"ಗೌಡ ಆವತ್ತು ಗಾಡಿ ಹತ್ತೋಕೆ ಮುಂಚೆ ನನ್ನ ಪಕ್ಕಕ್ಕೆ ಕರ್ದ," ಎಂದ. "ಕೈ ಮುಗಿದ, ಹಜೀರಾ. ಕೆನ್ನೆ ಹತ್ರ ಸ್ವಲ್ಪ, ಹಣೆ ಹತ್ರ ಸ್ವಲ್ಪ ಮಾಡ್ಕೊಡಿ, ಅವಳಿಗೆ ಗೊತ್ತಾಗಲ್ಲ ಅಂದ. ಹೆಣ್ಣು ಹೆತ್ತೋನು. ಪಾಪ, ಮಾಡ್ಬಿಡು."

"ನಕ್ಕೋ ಭಾಯ್."

ಬೇಡ ಎಂಬ ಆ ಮಾತು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವಂಥದು. ಊಟಕ್ಕೆ, ಇನ್ನೊಂದು ಲೋಟ ಚಾಗೆ. ಕೆಲಸದ ಬಗ್ಗೆ ಹಜೀರಾ ಅದನ್ನು ಆಡಿದ್ದು ಇದೇ ಮೊದಲು.

"ನಕ್ಕೋ ಅಂದ್ರೆ? ಅಂಗಡಿ ನಡೀತಿರೋದೇ ಇದರಿಂದ ಕಣೇ. ಇದ್ದ ಹಾಗೇ ಕೊಡೋದಾದ್ರೆ ಜನ ನಮ್ಮ ಹತ್ರ ಯಾಕೆ ಬರ್ತಾರೆ? ಮನೇಲಿ ಕನ್ನಡಿ ಇಲ್ವಾ?"

ಹಜೀರಾ ಸ್ಟೂಲಿನಿಂದ ಎದ್ದಳು. ಅಂಟಿನ ಎಣ್ಣೆಯ ಸೀಸೆಯ ಬಿರಡೆ ತೆಗೆದು ಪಕ್ಕದಲ್ಲಿಟ್ಟಳು. ಆಗಷ್ಟೇ ಚೂಪು ಮಾಡಿದ್ದ ಪೆನ್ಸಿಲನ್ನು ಅಣ್ಣನತ್ತ ಚಾಚಿದಳು.

"ಕೂತ್ಕೋ. ನೀನೇ ಬಳಿ."

ಏಜಾಜ್ ಪೆನ್ಸಿಲು ತೆಗೆದುಕೊಂಡ, ಕೂತ. ಬಾಲ್ಯದಲ್ಲಿ ಅಬ್ಬಾಜಾನ್ ಅವನಿಗೂ ಕಲಿಸಲು ನೋಡಿದ್ದರು. ಕೈ ಭಾರ, ಗಾಜು ಗೀಚಿಹೋಗುತ್ತಿತ್ತು. ಅವನು ಪ್ಲೇಟಿನ ಮೇಲೆ ಬಗ್ಗಿದ. ಕೆಳಗಿನ ಕನ್ನಡಿಯಿಂದ ಬಂದ ಬೆಳಕಿನಲ್ಲಿ ಹುಡುಗಿಯ ಮುಖ ತುಂಬಿದ ಕೆರೆಯಂತೆ ಹೊಳೆಯುತ್ತಿತ್ತು. ಕೆನ್ನೆಯ ಇಳಿಜಾರು, ತುಟಿಯ ಅಂಚು, ಮಚ್ಚೆ, ಎಲ್ಲ ಬೇರೆಬೇರೆಯಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಇತ್ತು. ಇಷ್ಟೊಂದು ವಿವರವಿರುವ ಪ್ಲೇಟು ಆ ಅಂಗಡಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಪೆನ್ಸಿಲಿನ ಮೊನೆ ಗಾಜಿಗೆ ಕೂದಲೆಳೆಯಷ್ಟು ಮೇಲೆ ನಿಂತಿತು. ನಿಂತೇ ಇತ್ತು.

"ಎಷ್ಟು ಎಣಿಸಿದೆ?" ಎಂದ ಕೊನೆಗೆ.

"ಐದು."

"ಐದು," ಎಂದು ತನಗೇ ಹೇಳಿಕೊಂಡ. ಪೆನ್ಸಿಲನ್ನು ಡೆಸ್ಕಿನ ಮೇಲೆ ಇಟ್ಟು ಎದ್ದ. "ಗೌಡನಿಗೆ ನೀನೇ ಉತ್ತರ ಹೇಳು. ನಾನು ಹೇಳಲ್ಲ."

"ಹೇಳ್ತೀನಿ."

ಅವನು ಹೋದ ಮೇಲೆ ಹಜೀರಾ ಸಣ್ಣ ಕುಂಚವನ್ನು ಮಸಿಯಲ್ಲಿ ಅದ್ದಿದಳು. ಪ್ರತಿ ಪ್ಲೇಟಿನ ಕೆಳ ಅಂಚಿನಲ್ಲಿ ಅಂಗಡಿಯ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯುವುದೂ ಅವಳದೇ ಕೆಲಸ. ಕಾಗದಕ್ಕಿಳಿದಾಗ ಅದು ನೇರವಾಗಿ, ಬಿಳಿಯ ಅಕ್ಷರಗಳಲ್ಲಿ ಮೂಡುತ್ತಿತ್ತು. ಇಂದು ಅಂಗಡಿಯ ಹೆಸರನ್ನು ಬರೆಯಲಿಲ್ಲ. ಬಲದಿಂದ ಎಡಕ್ಕೆ, ಅವಳ ಉರ್ದುವಿನ ಹಾಗೆ, ಕನ್ನಡದ ನಾಲ್ಕು ಅಕ್ಷರಗಳನ್ನು ನಿಧಾನವಾಗಿ ಬರೆದಳು: ಆದಿಲಕ್ಷ್ಮಿ. ಬರೆದು ಮುಗಿಸಿ, ಇನ್ನೂ ಜಾಗವಿದೆಯೇ ಎಂದು ನೋಡಿದಳು. ಇತ್ತು. ಹತ್ತಿರದಿಂದ ನೋಡಿದರಷ್ಟೇ ಕಾಣುವಂತೆ ಮೂಲೆಯಲ್ಲಿ ತನ್ನ ಹೆಸರನ್ನೂ ಸೇರಿಸಿದಳು.

ಮಂಗಳವಾರ ಹತ್ತು ಗಂಟೆಗೆ ಬೈರಕೂರಿನ ಗಾಡಿ ಬಾಗಿಲಲ್ಲಿ ನಿಂತಿತು. ಹಿತ್ತಿಲಿನ ಮೋಟುಗೋಡೆಯ ಮೇಲೆ ಪ್ಲೇಟನ್ನೂ ಕಾಗದವನ್ನೂ ಜೋಡಿಸಿದ ಚೌಕಟ್ಟು ಬಿಸಿಲಿಗೆ ಮುಖ ಮಾಡಿ ಒರಗಿತ್ತು. ಬಿಸಿಲು ತಾಕಿದಷ್ಟೂ ಕಾಗದದ ಚಿತ್ರ ಗಾಢವಾಗುತ್ತ ಹೋಗುವುದು. ಬೇಕಾದ ಬಣ್ಣ ಬಂದಾಗ ತೆಗೆದು ನೀರಿಗೆ ಹಾಕಬೇಕು. ಹಜೀರಾ ಚೌಕಟ್ಟಿನ ಹಿಂದಿನ ಅರ್ಧ ಹಲಗೆಯನ್ನು ಎತ್ತಿ ಕಾಗದದ ಮೂಲೆ ಬಿಡಿಸಿ ನೋಡಿದಳು. ಕುರ್ಚಿಯ ಕೈ ಮೂಡಿತ್ತು, ಅದರ ಮೇಲಿನ ಮೊಣಕೈ ಮೂಡಿತ್ತು. ಮುಖವಿನ್ನೂ ಗೋಧಿಬಣ್ಣದಲ್ಲಿತ್ತು.

ಒಳಗಿನಿಂದ ವೆಂಕಟರಾಯಪ್ಪನ ಕೆಮ್ಮು ಕೇಳಿಸಿತು. ಏಜಾಜ್ ಹಿತ್ತಿಲ ಬಾಗಿಲಿಗೆ ಬಂದು ಅವಳ ಹೆಗಲ ಮೇಲಿಂದ ಇಣುಕಿದ.

"ಇಷ್ಟು ಸಾಕಲ್ಲ. ಚೆನ್ನಾಗೇ ಇದೆ," ಎಂದ ಪಿಸುದನಿಯಲ್ಲಿ. "ಈಗ ತೆಗೆದ್ಬಿಟ್ರೆ ನೀನು ಗೆರೆ ಎಳೆದ ಹಾಗೂ ಆಗಲ್ಲ, ಗೌಡನ ಮಾತೂ ಉಳೀತದೆ. ತೆಗಿ, ಕಪ್ಪಾಗ್ತದೆ."

ಹಜೀರಾ ಹಲಗೆ ಮುಚ್ಚಿ ಕೊಕ್ಕೆ ಸಿಕ್ಕಿಸಿದಳು. ಗೋಡೆಯ ಮೇಲೆ ಬೇವಿನ ಮರದ ನೆರಳು ಸರಿದು ಬರುತ್ತಿತ್ತು. ಚೌಕಟ್ಟನ್ನೆತ್ತಿ ನೆರಳಿಲ್ಲದ ಕಡೆಗೆ, ಪೂರಾ ಬಿಸಿಲಿಗೆ ಇಟ್ಟು, ಪಕ್ಕದಲ್ಲಿ ಕೂತಳು.